ಗಾದಿ ಬಿಟ್ಟೆದ್ದ ಹಣಮಂತರಾಯರು

ಹೈದರಾಬಾದಿನಲ್ಲಿ ಊರಿಗೆ ಊರೇ ಐಟಿ ಐಟಿ ಎನ್ನುತ್ತಿದ್ದ ಕಾಲದಲ್ಲೂ ಲಿಂಗಂಪಲ್ಲಿಯ ನಮ್ಮ ಗಲ್ಲಿಯಲ್ಲಿ ಐತಿ ಐತಿ ಎನ್ನುವವರೇ ಹೆಚ್ಚಾಗಿದ್ದರು. ಪಕ್ಕದ ಮನೆಯ ಹಣಮಂತರಾಯರು ಅವರಲ್ಲೊಬ್ಬರು. ಮುದಗಲ್ ಕಡೆಯವರು. ಸುಲ್ತಾನ್ ಬಜಾರಿನಲ್ಲಿ ನರಹರಿ ಸೇಠರ ಅಂಗಡಿಯಲ್ಲಿ ಕೂತು ಹೆಂಗಸರ ಮುಂದೆ ಸೀರೆ ಬಿಚ್ಚುವುದು ಅವರ ವೃತ್ತಿ. ತಪ್ಪು ತಿಳಿಯಬೇಡಿ, ಮದುವೆ ಸೀರೆಗಳ ಮಡಿಕೆ ಬಿಚ್ಚಿ, ಗಾದಿಯ ಮೇಲೆ ಹರವಿ ಮಾರುವುದು.

ಆ ಗಾದಿಗೊಂದು ಕಟ್ಟಳೆಯಿತ್ತು. ಗಿರಾಕಿ ಏಳುವ ತನಕ ಮಾರುವವನು ಏಳುವಂತಿಲ್ಲ. ಅವನು ಎದ್ದರೆ ಗಿರಾಕಿಯೂ ಎದ್ದು ಎದುರಿನ ಅಂಗಡಿಗೆ ಹೋಗುತ್ತಾಳೆ ಎಂಬುದು ಸೇಠರ ಗಟ್ಟಿ ನಂಬಿಕೆ. ರಾಯರು ಈ ಕಟ್ಟಳೆಯನ್ನು ತಪಸ್ಸಿನಂತೆ ನಡೆಸಿದವರು. ಅಜ್ಜಿ, ತಾಯಿ, ಮಗಳು ಮೂವರೂ ಬಂದು, ಒಬ್ಬಳಿಗೆ ಒಪ್ಪಿದ ಅಂಚು ಇನ್ನೊಬ್ಬಳಿಗೆ ಒಪ್ಪದೆ ಮಧ್ಯಾಹ್ನ ಕಳೆದು ದೀಪ ಹಚ್ಚುವ ಹೊತ್ತಾದರೂ ಅವರು ಮಿಸುಕುತ್ತಿರಲಿಲ್ಲ. ಗಾದಿಗೆ ಸಿಂಹಾಸನವೆಂಬ ಅರ್ಥವೂ ಇದೆಯಲ್ಲ, ರಾಯರು ಕೂರುತ್ತಿದ್ದದ್ದು ಆ ಅರ್ಥದಲ್ಲಿ.

ಇಂಥವರ ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಡಾಕ್ಟರು ಹೊಟ್ಟೆ ತೆರೆದು, ಗೇಣುದ್ದ ಕತ್ತರಿಸಿ ತೆಗೆದು, ಉಳಿದ ಎರಡು ತುದಿ ಕೂಡಿಸಿ ಹೊಲಿದರು. ನೋಡಲು ಹೋದವರು ಏನು ಕೇಳಬೇಕೆಂದು ತಿಳಿಯದೆ ಮೋಸಂಬಿ ಹಿಡಿದು ನಿಂತರೆ, ರಾಯರೇ ಮಲಗಿದಲ್ಲಿಂದ ವಿವರಿಸುತ್ತಿದ್ದರು.

"ಇಳಕಲ್ ಸೀರಿಗೆ ಒಡಲು ಬ್ಯಾರೆ, ಸೆರಗು ಬ್ಯಾರೆ ಇದ್ದು ಜೋಡಸ್ತಾರಲ್ರಿ, ಹಂಗ ತಿಳೀರಿ. ನಡುವ ಹುಳ ತಿಂದಿದ್ದು ತಗದು ಜೋಡಿಸ್ಯಾರ. ಜೋಡಿಸಿದ್ದು ಹೊರಗ ಕಾಣಂಗಿಲ್ಲಂತ."

ಕತ್ತರಿ ಬಿದ್ದ ಕರುಳು ಮುನಿಸಿಕೊಂಡು ಮಲಗಿಬಿಡುತ್ತದೆ. ಅದು ಎದ್ದಿತೆಂದು ತಿಳಿಯುವುದು ಕೆಳಗಿನಿಂದ ಗಾಳಿ ಹೊರಟಾಗಲೇ. ಹಾಗಾಗಿ ನರ್ಸಮ್ಮ ಬಂದವಳೇ ರಾಯರ ಹೆಂಡತಿ ಶಿವದೇವಿಯವರನ್ನು ತೆಲುಗಿನಲ್ಲಿ ಕೇಳಿದಳು, "ಗ್ಯಾಸ್ ವಚ್ಚಿಂದಾ ಅಮ್ಮಾ?"

"ಎಲ್ಲೀದವ್ವ, ನಂಬರ್ ಹಚ್ಚಿ ಭಾಳ ದಿನ ಆತು. ಇನ್ನಾ ಬಂದಿಲ್ಲ," ಎಂದರು ಶಿವದೇವಿ.

ಬಂದಿಲ್ಲ ಎಂಬುದಷ್ಟೇ ನರ್ಸಿಗೆ ತಿಳಿದದ್ದು. ಅವಳು ಗಾಬರಿಯಾಗಿ ಡಾಕ್ಟರನ್ನು ಕರೆತಂದಳು. ಅವರು ಬೀದರ್ ಕಾಲೇಜಿನಲ್ಲಿ ಓದಿದವರು, ಕನ್ನಡ ಬರುತ್ತಿತ್ತು. ಶಿವದೇವಿ ನಂಬರಿನ ಮಾತನ್ನೇ ಮತ್ತೆ ಹೇಳಿದಾಗ ಅವರು ನಗು ಅದುಮಿಕೊಂಡು, "ಮತ್ತೆ ಇಷ್ಟು ದಿನ ಹೇಗೆ ನಡೆಸಿದಿರಿ?" ಎಂದು ಕೇಳಿದರು.

"ಬಾಜೂ ಮನಿಯವರದು ತಂದು ನಡಸಾಕತ್ತೀವ್ರಿ."

ಆ ಬಾಜೂ ಮನೆಯವನು ನಾನೇ. ನಮ್ಮ ಮನೆಯ ಎರಡನೇ ಸಿಲಿಂಡರು ಅವರ ಒಲೆಯಲ್ಲಿ ಉರಿಯುತ್ತಿತ್ತು. ನಗಬಾರದೆಂದು ಹೊಲಿಗೆ ಹಿಡಿದುಕೊಂಡ ರಾಯರು ತಡೆಯಲಾರದೆ ನಕ್ಕರು. ಆ ನಗೆಯ ಬೆನ್ನಿಗೇ ಅಸಲಿ ಗ್ಯಾಸು ಸದ್ದು ಮಾಡಿಕೊಂಡು ಬಂದಿತು. ಶಿವದೇವಿ ವಾರ್ಡಿಗೆಲ್ಲ ಹೇಳಿಬಂದರು.

ಮನೆಗೆ ಬಂದ ಮೇಲೆ ನಿಜವಾದ ಪಾಡು ಶುರುವಾಯಿತು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನಮಗೆ ಎಬಿಸಿಡಿಗಿಂತ ಮೊದಲು ಕಲಿಸಿದ್ದು 'ಮೇ ಐ ಗೋ ಔಟ್, ಸಿಸ್ಟರ್'. ಎತ್ತಿದ ಬೆರಳು ಒಂದೋ ಎರಡೋ ಎಂದು ನೋಡಿ ಅವರು ಪರವಾನಗಿ ಕೊಡುತ್ತಿದ್ದರು. ರಾಯರ ಹೊಲಿದ ಕರುಳಿಗೆ ಈ ಶಿಕ್ಷಣ ಆಗಿರಲಿಲ್ಲ. ಅದು ಪರವಾನಗಿ ಕೇಳುತ್ತಿರಲಿಲ್ಲ, ಹುಕುಂ ಕೊಡುತ್ತಿತ್ತು. ಒಮ್ಮೆ ಹೋಗಿ ಬಂದು ಧೋತ್ರ ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಕರೆ. ಒಂದೊಂದು ದಿನ ಏನೂ ಇಲ್ಲ.

ಹೀಗಿರುವಾಗ ಕೆಲಸಕ್ಕೆ ಮರಳಿದರೆ ಸೇಠರು ಪ್ರೀತಿಯಿಂದಲೇ ಶೌಚಾಲಯದ ಪಕ್ಕದ ಮೇಲಿನ ಕೋಣೆ ತೋರಿಸಿದರು. ಗಿರಾಕಿಗಳು ನೋಡಿಬಿಟ್ಟ ಸೀರೆಗಳನ್ನು ಮಡಿಚಿಡುವ ಕೆಲಸ. "ಇಲ್ಲೇ ಆರಾಮ ಕೂಡ್ರಿ ರಾಯರ. ಬಾಜೂಕ ಎಲ್ಲಾ ಐತಿ."

"ಬಾಜೂಕ ಎಲ್ಲಾ ಐತ್ರಿ," ಎಂದರಂತೆ ರಾಯರು, "ಮುಂದ ಗಿರಾಕಿ ಇಲ್ಲ."

ಸಂಬಳ ಕಡಿಮೆಯಾಗಿರಲಿಲ್ಲ. ಆದರೂ ಗಾದಿ ಹೋದ ದುಃಖ ಅವರಿಗೆ ಗಡ್ಡೆ ಬಂದದ್ದಕ್ಕಿಂತ ಹೆಚ್ಚಾಗಿತ್ತು. ಮರಳಿ ಅಲ್ಲಿ ಕೂರಬೇಕೆಂದು ಹಟ ಹಿಡಿದವರು ಮೊದಲು ಮಾಡಿದ್ದು ತಪ್ಪು ಲೆಕ್ಕ. ಒಳಗೆ ಹಾಕದಿದ್ದರೆ ಹೊರಗೆ ಬರುವುದಾದರೂ ಏನು ಎಂದುಕೊಂಡು ಮುಂಜಾನೆಯ ಊಟ, ನೀರು ಎರಡನ್ನೂ ಬಿಟ್ಟರು. ಅಂಗಡಿಗೆ ಹೋಗುವ ಲೋಕಲ್ ರೈಲಿನಲ್ಲಿ ಶೌಚಾಲಯವೂ ಇರಲಿಲ್ಲವಾದ್ದರಿಂದ ಲೆಕ್ಕ ಸರಿಯೆಂದೇ ಕಂಡಿತು. ಒಂದು ದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದವರು ತಲೆ ತಿರುಗಿ ಬೆಂಚಿನ ಮೇಲೆ ಕುಸಿದರು.

ಡಾಕ್ಟರು ಬೈದರು. ಖಾಲಿ ಕರುಳು ಇನ್ನಷ್ಟು ಗಾಳಿ ತುಂಬಿಕೊಂಡು ಕೂಗಾಡುತ್ತದೆ. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಕೊಟ್ಟರೆ ಹೊತ್ತಿಗೆ ಸರಿಯಾಗಿ ಬಿಡುವುದನ್ನು ಕಲಿಯುತ್ತದೆ ಎಂದರು.

ಇಲ್ಲಿಂದ ಮುಂದಿನ ರಾಯರನ್ನು ನಾನು ಬೆರಗಿನಿಂದಲೇ ನೋಡಿದ್ದೇನೆ. ಜೋಳದ ರೊಟ್ಟಿಯಿಲ್ಲದೆ ಊಟವೆಂದೇ ಕರೆಯದ ಮನುಷ್ಯ ಮಕ್ಕಳ ಹಾಗೆ ಮೆತ್ತಗಿನ ಅನ್ನ ಮೊಸರು ಉಂಡರು, ಬಾಳೆಹಣ್ಣು ತಿಂದರು. ಬೆಳಗ್ಗೆ ಬಿಸಿನೀರು ಕುಡಿದು, ಕರೆ ಬರಲಿ ಬಿಡಲಿ, ಹೋಗಿ ಕೂತು ಬಂದರು. ಆಮೇಲೆ ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡಿಗೆ. ಎದುರಾದವರು "ಇವತ್ತ ಹೆಂಗ್ರಿ ರಾಯರ?" ಎಂದರೆ ನಾಚಿಕೆಯಿಲ್ಲ, ರೇಡಿಯೋದ ಹವಾಮಾನ ವರದಿಯೇ.

"ಮುಂಜಾನೆ ಆಕಾಶ ಸಾಫ್ ಇತ್ರಿ. ಮಧ್ಯಾಹ್ನ ಗುಡುಗು ಅದಾವು, ಮಳಿ ಇಲ್ಲ."

ತಿಂಗಳುಗಳು ಕಳೆದ ಮೇಲೆ ಶಿವದೇವಿ ರೊಟ್ಟಿಯ ಒಂದು ಚೂರನ್ನು ಬೇಳೆಯಲ್ಲಿ ನೆನೆಸಿ ಕೊಟ್ಟರು. ಆ ದಿನದ ವರದಿ ಚೆನ್ನಾಗಿತ್ತು. ಚೂರು ಕಾಲಾಯಿತು, ಕಾಲು ಅರ್ಧವಾಯಿತು. ಕರುಳೂ ಹುಕುಂ ಬಿಟ್ಟು ವಿನಂತಿಗೆ ಇಳಿಯಿತು. ಆದರೆ ವಿನಂತಿ ಬಂದಾಗ ಮಾತ್ರ ತಡಮಾಡುವಂತಿರಲಿಲ್ಲ. ಡಾಕ್ಟರು ಅದು ಹಾಗೇ ಇದ್ದೀತು ಎಂದಿದ್ದರು.

ಮದುವೆ ಕಾಲದಲ್ಲಿ ಒಂದು ದಿನ ಸಿಂಧನೂರಿನ ಒಬ್ಬ ತಾಯಿ ಮಗಳನ್ನೂ ನಾದಿನಿಯನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಮಗಳಿಗೆ ಹೈಟೆಕ್ ಸಿಟಿಯಲ್ಲಿ ಕೆಲಸ, ಜೀನ್ಸ್ ಪ್ಯಾಂಟು. ನೆಂಟರಿಗೆ ಕೊಡುವ ಸೀರೆ ನೋಡುತ್ತ ನಾನೂ ಅದೇ ಗಾದಿಯ ತುದಿಯಲ್ಲಿದ್ದೆ. ತಾಯಿ ಕೂರಲಿಲ್ಲ. "ರಾಯರು ಎಲ್ಲಿ? ನಮ್ಮ ಅಕ್ಕನ ಮದಿವಿ ಸೀರಿ ಅವರ ಕೊಟ್ಟಿದ್ರು. ಅವರಿಲ್ಲಂದ್ರ ಮುಂದ ನೋಡತೀವಿ," ಎಂದರು.

ಸೇಠರು ರಾಯರನ್ನು ಕೆಳಗೆ ಕರೆಸಿ ಮೆಟ್ಟಿಲ ಬಳಿ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. "ಕುಂತರ ಏಳಂಗಿಲ್ಲ ನೋಡ್ರಿ. ನಡುವ ಎದ್ದು ಗಿರಾಕಿ ಹೋತಂದ್ರ, ಮ್ಯಾಲಿನ ಕೋಣಿ ಕಾಯಂ."

ರಾಯರು ಕೂತರು. ಧರ್ಮಾವರ ಬಿಚ್ಚಿದರು, ಗದ್ವಾಲ ಬಿಚ್ಚಿದರು. ತಾಯಿಗೆ ಹಸಿರು, ಮಗಳಿಗೆ ಬೂದು, ನಾದಿನಿಗೆ ಯಾವುದೂ ಬೇಡ. ರಾಶಿ ಏರಿತು. ಕುಂಕುಮ ಬಣ್ಣದ್ದೊಂದನ್ನು ಹರವುವಾಗ ಅವರ ಮಾತು ನಡುವೆಯೇ ನಿಂತಿತು. ಪಕ್ಕದ ಮನೆಯವನಿಗೆ ಆ ಮುಖ ಗೊತ್ತು. ಅವರ ಕಣ್ಣು ಒಮ್ಮೆ ಸೇಠರ ಕಡೆ ಹೋಯಿತು, ಒಮ್ಮೆ ಮೆಟ್ಟಿಲ ಕಡೆ.

ಆಮೇಲೆ ಅವರು ಆ ಸೀರೆಯ ಸೆರಗನ್ನು ಹುಡುಗಿಯ ಹೆಗಲಿಗೆ ಹಾಕಿ, ಇನ್ನೊಂದು ತುದಿಯನ್ನು ತಾಯಿಯ ಕೈಗಿತ್ತರು.

"ಅಕ್ಕಾರ, ನನ್ನ ಹೊಟ್ಟಿ ಆಪರೇಶನ್ ಆಗೇತಿ. ಕರದಾಗ ಹೋಗಬೇಕು. ಇದನ್ನ ಮಗಳಿಗೆ ಉಡಿಸಿ ಕನ್ನಡಿ ಮುಂದ ನಿಂದರಸ್ರಿ. ನಿರಿಗಿ ಹಿಡಿಯೂದರಾಗ ಬರತೀನಿ."

ಎಂದವರೇ ಎದ್ದು ಹೋದರು. ಸೇಠರೂ ಗಲ್ಲಾ ಬಿಟ್ಟು ಎದ್ದರು. ಇತ್ತ ತಾಯಿ, ನಾದಿನಿ ಇಬ್ಬರೂ ನಿರಿಗೆ ಎಷ್ಟು ಅಗಲವಿರಬೇಕೆಂದು ಜಗಳಕ್ಕೆ ಬಿದ್ದಿದ್ದರು. ಅಂಗಡಿಯ ಸೀರೆ ಸುತ್ತಿಕೊಂಡ ಹುಡುಗಿ ಎದುರಿನ ಅಂಗಡಿಗೆ ಹೋಗುವುದಾದರೂ ಹೇಗೆ? ಸೇಠರು ತಾವೇ ಗಾದಿಯ ಮೇಲೆ ಕೂರಲು ಬಂದರೆ ತಾಯಿ ತಲೆಯೆತ್ತಿ ನೋಡಿದರು.

"ನೀವ್ಯಾಕ ಬಂದ್ರಿ? ರಾಯರು ಬರತಾರಂತಲ್ಲ."

ಕನ್ನಡಿಯಲ್ಲಿ ಹುಡುಗಿ ಬೂದು ಬಣ್ಣವನ್ನು ಮರೆತಿದ್ದಳು. ಅಷ್ಟರಲ್ಲಿ ರಾಯರು ಕೈ ಒರೆಸಿಕೊಳ್ಳುತ್ತ ಬಂದರು.

"ಆತೇನ್ರಿ ಅಣ್ಣಾರ?" ಎಂದರು ತಾಯಿ.

"ಆತ್ರಿ ಅಕ್ಕಾರ. ನಿಮ್ದು?"

"ನಮ್ದೂ ಆತು. ಇದನ್ನ ಕಟ್ರಿ."

ಅವರು ಹೋದ ಮೇಲೆ ಸೇಠರು ಹರವಿದ ಸೀರೆಗಳ ರಾಶಿಯನ್ನು ನೋಡುತ್ತ, "ಮ್ಯಾಲೆ ಮಡಚಾಕ ಬ್ಯಾರೆ ಯಾರನ್ನರ ನೋಡಬೇಕಾತು," ಎಂದರು. ಬಾಗಿಲಲ್ಲಿ ಇನ್ನೊಂದು ಗುಂಪು ಚಪ್ಪಲಿ ಬಿಡುತ್ತಿತ್ತು. "ಬರ್ರಿ ಅಕ್ಕಾರ, ಹಿಂಗ ಬರ್ರಿ," ಎನ್ನುತ್ತ ರಾಯರು ಕಾಲು ಮಡಿಚಿ ಗಾದಿಯ ನಡುವೆ ಕೂತರು.