ಹೆಸರು ಕೇಳದೆ ಕೊಟ್ಟ ಸೀಸೆ

ಮಳವಳ್ಳಿಯ ಪೇಟೆಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಧರ್ಮ ಔಷಧಾಲಯದ ಜಗಲಿಯ ಮೇಲೆ ಹತ್ತು ಹನ್ನೆರಡು ಮಂದಿ ಖಾಲಿ ಸೀಸೆ ಹಿಡಿದು ಕೂತಿದ್ದಾರೆ. ಒಳಗೆ ಕಾಂಪೌಂಡರ್ ಗೋದಮ್ಮ ಒಂದೊಂದು ಸೀಸೆಯನ್ನೂ ಮೂಸಿ ನೋಡಿ ಬಿಸಿನೀರಿಗೆ ಹಾಕುತ್ತಾರೆ. ಒಂದರಲ್ಲಿ ಹರಳೆಣ್ಣೆಯ ವಾಸನೆ, ಇನ್ನೊಂದರಲ್ಲಿ ಸೀಮೆಎಣ್ಣೆ. ಮೂರನೆಯದನ್ನು ಮೂಸಿ, ತಂದವನ ಮುಖ ನೋಡುತ್ತಾರೆ. ಅವನು ನೆಲ ನೋಡುತ್ತಾನೆ. ಸಾರಾಯಿ. ಅವನು ತಂದ ಡಾಕ್ಟರ ಚೀಟಿಯನ್ನು ಇನ್ನೊಮ್ಮೆ ಓದುವುದೆಂದು ಬೇರೆ ಇಡುತ್ತಾರೆ.

ಅವರ ಬೆನ್ನ ಹಿಂದೆ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಔಷಧಾಲಯದ ಸಮಿತಿಯ ಶ್ಯಾಮಣ್ಣನವರು ಕೂತಿದ್ದಾರೆ. ಶಿರಸ್ತೇದಾರರಾಗಿ ನಿವೃತ್ತರಾದವರು. ಗೋಡೆಯಲ್ಲಿರುವ ಕಪ್ಪು ಬಣ್ಣದ ಬೀರುವಿನ ಬೀಗದಕೈ ಅವರ ಜನಿವಾರದಲ್ಲಿದೆ. ಅಫೀಮು ಸೇರಿದ ಔಷಧಿಗಳಿರುವುದು ಆ ಬೀರುವಿನಲ್ಲಿ. ಹನ್ನೊಂದು ವರ್ಷ ಆ ಬೀಗದಕೈ ಗೋದಮ್ಮನವರ ಸೊಂಟದಲ್ಲಿತ್ತು. ಮೂರು ತಿಂಗಳಿಂದ ಇಲ್ಲ. ಈಗ ಬೇಕಾದಾಗ ಕೇಳಬೇಕು. ಶ್ಯಾಮಣ್ಣನವರು ಎದ್ದು ಬೀಗ ತೆಗೆದು, ಗೋದಮ್ಮ ಹನಿ ಎಣಿಸಿ ಮುಗಿಸುವ ತನಕ ಆಕೆಯ ಬೆರಳುಗಳಿಂದ ಕಣ್ಣು ತೆಗೆಯುವುದಿಲ್ಲ.

ಗೋದಮ್ಮನವರಿಗೆ ನಲವತ್ತೊಂದು ವರ್ಷ. ಮೇಲುಕೋಟೆಯಲ್ಲಿ ಹುಟ್ಟಿ, ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು, ಅಣ್ಣನ ಹಟದಿಂದ ಮೈಸೂರಿನಲ್ಲಿ ಈ ಕೆಲಸ ಕಲಿತವರು. ಮೊದಲ ವರ್ಷ ಇಲ್ಲಿನ ಜನ ಆಕೆಯ ಕೈಯಿಂದ ಸೀಸೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು. ಗಂಡ ಸತ್ತವಳು ಬೆರೆಸಿದ ಔಷಧಿ ಮೈಗೆ ಹಿಡಿಯುತ್ತದೆಯೇ ಎಂಬ ಅನುಮಾನ. ಈಗ ದಿನಕ್ಕೆ ಎಂಬತ್ತು ಜನ ಬರುತ್ತಾರೆ. ಅವರಲ್ಲಿ ಕಪ್ಪು ಬೀರುವಿನ ಚೀಟಿ ತರುವವರು ಐದೋ ಆರೋ. ಡಾಕ್ಟರು ಮಂಡ್ಯದಿಂದ ಬರುವುದು ವಾರಕ್ಕೆ ಎರಡು ದಿನ. ಉಳಿದ ದಿನ ಎಲ್ಲವೂ ಗೋದಮ್ಮನವರ ಎಚ್ಚರದ ಮೇಲೆ.

ಕಾಯಿದೆ ಬಿಗಿಯಾಗಿದೆ. ಅಫೀಮಿನ ಔಷಧಿಯನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ಯಾರ ಹೆಸರಿಗೆ ಬರೆದಿದೆಯೋ ಅವರಿಗೆ ಮಾತ್ರ. ಊರಿನವರಿಗೆ ಇದು ತಲೆಗೆ ಹತ್ತುವುದಿಲ್ಲ. ಹೆಪ್ಪಿಗೆ ಮಜ್ಜಿಗೆ ಈಸಿಕೊಳ್ಳುವ ಹಾಗೆ ಪಕ್ಕದ ಮನೆಯಿಂದ ಚೀಟಿಯನ್ನೂ ಈಸಿಕೊಂಡು ಬರುತ್ತಾರೆ. ಕಾಯಿಲೆ ಒಂದೇ ಆದಮೇಲೆ ಚೀಟಿ ಒಂದಾದರೆ ಏನು ಎಂದು ಕೇಳುತ್ತಾರೆ.

ಆದ್ದರಿಂದ ಗೋದಮ್ಮ ಯಾರನ್ನೂ ನಂಬುವುದಿಲ್ಲ. ಚೀಟಿ ತಂದ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಹಾಕುತ್ತಾರೆ: ರಾತ್ರಿ ಹೇಗಿತ್ತು? ನಿಜವಾಗಿ ರೋಗಿಯ ಪಕ್ಕ ಕೂತವರು ಹೇಳಲು ಶುರುಮಾಡಿದರೆ ನಿಲ್ಲಿಸುವುದಿಲ್ಲ. ಎಷ್ಟು ಸಲ ಎದ್ದ, ಏನು ಕಕ್ಕಿದ, ಯಾರನ್ನು ಬೈದ, ಎಲ್ಲ ಬರುತ್ತದೆ. ಚಟಕ್ಕೆ ಬಂದವನು ಮಾತ್ರ “ಪರ್ವಾಗಿಲ್ಲ ಕಣಮ್ಮ” ಎಂದು ಮುಗಿಸುತ್ತಾನೆ. ಈ ಪ್ರಶ್ನೆಯಿಂದ ಎಷ್ಟೋ ಮಂದಿಯನ್ನು ಬರಿಗೈಯಲ್ಲಿ ಕಳಿಸಿದ್ದಾರೆ.

ಅದೇ ಪ್ರಶ್ನೆಗೆ ಪಟ್ಟಲಮ್ಮ ಸರಿಯಾಗಿ ಉತ್ತರ ಹೇಳಿದ್ದಳು. ಮೂರು ತಿಂಗಳ ಹಿಂದೆ ಒಂದು ಚೀಟಿ ಹಿಡಿದು ಬಂದು, ಗಂಡ ಹೊಟ್ಟೆ ಹಿಡಿದುಕೊಂಡು ಒರಳುಕಲ್ಲಿಗೆ ಒರಗಿ ಕೂತೇ ರಾತ್ರಿ ಕಳೆದದ್ದನ್ನು ವಿವರವಾಗಿ ಹೇಳಿದಳು. ಚೀಟಿಯಲ್ಲಿ ಮರಿಸಿದ್ದಯ್ಯ ಎಂದಿತ್ತು. “ಯಜಮಾನರಿಗೇನಮ್ಮ?” ಎಂದು ಗೋದಮ್ಮ ಕೇಳಿದರು. ಅವಳು ತಲೆಯಾಡಿಸಿದಳು. ಹೆಂಡತಿಯಾದವಳ ಬಾಯಿಂದ ಗಂಡನ ಹೆಸರು ಹೇಳಿಸುವುದು ಯಾರೂ ಮಾಡದ ಕೆಲಸ. ಸೀಸೆಗೆ ಮರಿಸಿದ್ದಯ್ಯ ಎಂದು ಬರೆದ ಕಾಗದ ಅಂಟಿಸಿ ಕೊಟ್ಟರು.

ಮರಿಸಿದ್ದಯ್ಯ ಪಕ್ಕದ ಮನೆಯ ಮುದ್ದಮ್ಮನ ಗಂಡ; ಪಟ್ಟಲಮ್ಮ ಚೀಟಿ ಈಸಿಕೊಂಡು ಬಂದದ್ದು ಆ ಮನೆಯಿಂದ. ಪಟ್ಟಲಮ್ಮನ ಗಂಡ ಚಿಕ್ಕಣ್ಣ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕೂಲಿಗೆ ಹೊರಟಿದ್ದ ಅವನನ್ನು ಮದ್ದೂರಿನಲ್ಲಿ ಬಸ್ಸಿನಿಂದ ಇಳಿಸಿ ಅಬಕಾರಿಯವರು ಸೊಂಟ ತಡವಿದರು. ಸಿಕ್ಕಿದ ಸೀಸೆಯ ಮೇಲೆ ಒಂದು ಹೆಸರು, ಅವನು ಹೇಳಿದ್ದು ಇನ್ನೊಂದು. ಈಗ ಜಾಮೀನಿನ ಮೇಲಿದ್ದಾನೆ. ಸೋಮವಾರ ಮದ್ದೂರಿನ ಕೋರ್ಟಿನಲ್ಲಿ ವಿಚಾರಣೆ. ಅಲ್ಲಿ ಕೊಡಲು ಗೋದಮ್ಮನವರಿಂದ ಹೇಳಿಕೆ ಬೇಕು.

ಅದರಲ್ಲಿ ಏನಿರಬೇಕೆಂದು ಸಮಿತಿ ಹೇಳಿದೆ. ಪಟ್ಟಲಮ್ಮ ತನ್ನ ಗಂಡ ಮರಿಸಿದ್ದಯ್ಯನೆಂದು ಸುಳ್ಳು ಹೇಳಿ ಮೋಸಮಾಡಿದಳು ಎಂದು ಬರೆದರೆ ಔಷಧಾಲಯಕ್ಕೂ ಕಳಂಕವಿಲ್ಲ, ಬೀಗದಕೈಯೂ ಗೋದಮ್ಮನವರಿಗೆ ವಾಪಸ್ಸು. ಚಿಕ್ಕಣ್ಣ ಜೈಲಿಗೆ.

ಸರದಿಯಲ್ಲಿ ಇವತ್ತು ಪಟ್ಟಲಮ್ಮನೂ ಇದ್ದಾಳೆ. ಈ ಸಲ ಡಾಕ್ಟರೇ ಚಿಕ್ಕಣ್ಣನ ಹೆಸರಿಗೆ ಬರೆದುಕೊಟ್ಟ ಚೀಟಿ. ಅವಳು ಕಿಟಕಿಗೆ ಬಂದ ಕೂಡಲೇ ಶ್ಯಾಮಣ್ಣನವರು ಸ್ಟೂಲಿನಿಂದಲೇ ಕೇಳುತ್ತಾರೆ: “ಏನಮ್ಮ, ಇವತ್ತು ಯಾರ ಗಂಡನ ಹೆಸರಲ್ಲಿ ಬಂದಿದೀಯ?”

“ನನ್ ಗಂಡುಂದೇಯ ಸ್ವಾಮಿ. ಇನ್ನೊಬ್ರ ಗಂಡನ್ ಕಟ್ಕಂಡು ನಾನೇನ್ ಮಾಡ್ಲಿ?”

ಜಗಲಿಯಲ್ಲಿ ನಗು. ಶ್ಯಾಮಣ್ಣನವರು ನಗುವುದಿಲ್ಲ. ಹೆಸರು ಹೇಳಿಸದೆ ಬೀರು ತೆಗೆಯುವುದಿಲ್ಲ ಎನ್ನುತ್ತಾರೆ. ಪಟ್ಟಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಚೀಟಿಯಲ್ಲೇ ಇದೆಯಲ್ಲ, ಓದಿಕೊಳ್ಳಿ ಎನ್ನುತ್ತಾಳೆ. ಕೊನೆಗೆ ಅವಳು ಗೋಡೆಯ ಕಡೆ ತಿರುಗಿ ಹೇಳುತ್ತಾಳೆ: “ದೊಡ್ಡಣ್ಣ ಅಂತಾರಲ್ಲ ಅಮ್ಮಾವ್ರೆ, ಅದುಕ್ಕೆ ಎದುರು.”

“ಇದೂ ಒಂದು ಹೆಸರೇ?” ಎಂದು ಶ್ಯಾಮಣ್ಣನವರು ಗೊಣಗುತ್ತಾರೆ. ಚಿಕ್ಕಣ್ಣನೆಂದು ಊರಿಗೇ ಗೊತ್ತು ಎಂದು ಹಿಂದೆ ನಿಂತ ಮುದುಕನೊಬ್ಬ ಕೂಗುತ್ತಾನೆ. ಅವನನ್ನೂ ಅನುಮಾನದಿಂದ ನೋಡಿ, ಶ್ಯಾಮಣ್ಣನವರು ಕೊನೆಗೆ ಬೀರು ತೆಗೆಯುತ್ತಾರೆ. ಗೋದಮ್ಮ ಔಷಧಿ ಅಳೆದು, ಸೀಸೆಗೆ ಚಿಕ್ಕಣ್ಣ ಎಂದು ಬರೆದ ಕಾಗದ ಅಂಟಿಸಿ, ಅದನ್ನು ಪಟ್ಟಲಮ್ಮನಿಗೆ ಓದಿ ಹೇಳಿ ಕೊಡುತ್ತಾರೆ.

ಸರದಿ ಕರಗಿದ ಮೇಲೆ ಗೋದಮ್ಮ ಮೇಜಿನ ಖಾನೆಯಿಂದ ಮಡಿಸಿದ ಹಾಳೆ ತೆಗೆದು ಶ್ಯಾಮಣ್ಣನವರ ಕೈಗೆ ಕೊಡುತ್ತಾರೆ. ಅವರ ಹೇಳಿಕೆ, ನಾಲ್ಕೇ ಸಾಲು. ಶ್ಯಾಮಣ್ಣನವರು ಎರಡು ಸಲ ಓದುತ್ತಾರೆ.

“ಮೋಸ ಅನ್ನೋ ಮಾತು ಇಲ್ಲವಲ್ಲಮ್ಮ.”

“ಅವಳು ಯಾವ ಹೆಸರನ್ನೂ ಹೇಳಲಿಲ್ಲ. ಹೇಳೋದಿಲ್ಲ ಅಂತ ಗೊತ್ತಿದ್ದೇ ನಾನು ಕೇಳಲಿಲ್ಲ. ತಪ್ಪು ನನ್ನದು ಅಂತ ಬರೆದಿದೀನಿ.”

“ಹಾಗಾದರೆ ಬೀಗದಕೈ ನನ್ನ ಹತ್ತಿರವೇ ಇರುತ್ತೆ.”

“ಇರಲಿ.”

ಶ್ಯಾಮಣ್ಣನವರು ಹಾಳೆಯನ್ನು ಜೇಬಿಗಿಟ್ಟುಕೊಂಡು ಹೊರಡುತ್ತಾರೆ. ಗೋದಮ್ಮ ಅಳತೆಯ ಗಾಜಿನ ಲೋಟ ತೊಳೆದು ಬೋರಲು ಹಾಕುತ್ತಾರೆ. ಡಾಕ್ಟರ ಹತ್ತಿರ ಒಂದೇ ಒಂದು ಕೋರಿಕೆ ಇಟ್ಟಿದ್ದಾರಂತೆ: ಇನ್ನು ಮೇಲೆ ಚೀಟಿಯಲ್ಲಿ ರೋಗಿಯ ಹೆಸರಿನ ಕೆಳಗೆ, ಔಷಧಿ ಒಯ್ಯಲು ಬರುವವರ ಹೆಸರನ್ನೂ ಬರೆಯಬೇಕು.

“ಹೆಂಡತಿಗೆ ಗಂಡನ ಹೆಸರು ಹೇಳೋಕೆ ಆಗದಿದ್ರೆ ಬೇಡ,” ಎನ್ನುತ್ತಾರೆ. “ಅವಳ ಹೆಸರು ಅವಳು ಹೇಳಬಹುದಲ್ಲ.”