ಕಡೆಯ ಕವಿ ಇಳಿಯುವವರೆಗೂ ಮೈಕ್ ಬಿಚ್ಚದ ಷಣ್ಮುಖಪ್ಪ

ಚನ್ನಗಿರಿಯ ಸಮುದಾಯ ಭವನದ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಒಂದು ಪಕ್ಕ ಸರಿಸಿಕೊಂಡು ಒಳಗೆ ಸೇರಿರುವ ಷಣ್ಮುಖಪ್ಪ ವೇದಿಕೆಯ ಅಂಚಿನಲ್ಲಿ ಮಂಡಿಯೂರಿ ವೈರು ಎಳೆಯುತ್ತಿದ್ದಾರೆ. ಹೊರಗೆ ಲಗೇಜ್ ಆಟೋದಿಂದ ಇನ್ನೊಂದು ಸೌಂಡ್ ಬಾಕ್ಸ್ ಇಳಿಸುವುದು ಬಾಕಿ. ಬೆಳಕು ಈಗಷ್ಟೇ ಹರಿಯುತ್ತಿದೆ, ಕವಿಗಳು ಬರಲು ಬಹಳ ಹೊತ್ತಿದೆ. ಮೈಕಿನ ತಲೆಗೆ ಬೆರಳಿನಿಂದ ತಟ್ಟಿ "ಹಲೋ, ಮೈಕ್ ಟೆಸ್ಟಿಂಗ್" ಎನ್ನುವ ಅವರು ಬಾಕ್ಸಿನ ಕಡೆ ಗಮನವನ್ನೇ ಕೊಡುವುದಿಲ್ಲ. ಖಾಲಿ ಕುರ್ಚಿಗಳ ಕೊನೆಯ ಸಾಲನ್ನು ನೋಡುತ್ತಾರೆ. ಅಲ್ಲಿ ತಲೆತುಂಬ ಸೆರಗು ಹೊದ್ದು ಕೂತಿರುವ ಹೆಂಡತಿ ಶಂಕರಮ್ಮ ಬಲಗೈ ಎತ್ತುತ್ತಾರೆ. ಕೈ ಮೇಲಿದ್ದರೆ ದನಿ ಅಲ್ಲಿಯವರೆಗೆ ಬಂತು ಎಂದು ಅರ್ಥ.

ಪತ್ರಿಕೆಗೆ ಬರೆಯಲು ಬಂದ ನಾನು ಹಿಂದಿನಿಂದ ಹೋಗಿ ನಮಸ್ಕಾರ ಎನ್ನುತ್ತೇನೆ. ತಿರುಗುವುದಿಲ್ಲ. ಇನ್ನೊಮ್ಮೆ ಕರೆಯುತ್ತೇನೆ, ಆಗಲೂ ಇಲ್ಲ. ಆಸಾಮಿ ಸ್ವಲ್ಪ ಗತ್ತಿನವರೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಶಂಕರಮ್ಮ ಎದ್ದು ಬಂದು ಮೆಲ್ಲಗೆ ಹೇಳುತ್ತಾರೆ: "ಎದುರಿಗೆ ಬಂದು ಮಾತಾಡ್ರಿ ಮೇಡಂ. ಅವರಿಗೆ ಕಿವಿ ಕೇಳಲ್ಲ, ತುಟಿ ನೋಡಿ ತಿಳ್ಕಂತಾರೆ."

ಮೈಕ್ ಸೆಟ್ಟಿನವರಿಗೆ ಕಿವಿ ಕೇಳುವುದಿಲ್ಲ. ಇದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಕವಿಗಳು ಸೇರಿ ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಕಾವ್ಯ ಕಮ್ಮಟ ನಡೆಸುತ್ತಾರೆ. ಮೊದಲ ದಿನ ಪಾಠ, ಚರ್ಚೆ. ಎರಡನೆಯ ದಿನ ಕವಿಗೋಷ್ಠಿ. ಒಂದೊಂದು ವರ್ಷ ಒಂದೊಂದು ಊರಿನ ಸರದಿ. ಊರು ಬದಲಾಗುತ್ತದೆ, ಅಧ್ಯಕ್ಷರು ಬದಲಾಗುತ್ತಾರೆ, ಸವಳಂಗದ ಷಣ್ಮುಖಪ್ಪನವರ ಸೆಟ್ಟು ಮಾತ್ರ ಬದಲಾಗಿಲ್ಲ.

ಕವಿಗೋಷ್ಠಿಗಳಿಗೆ ಹೋದವರಿಗೆ ಅಲ್ಲಿನ ಪದ್ಧತಿ ಗೊತ್ತೇ ಇದೆ. ತಮ್ಮ ಕವಿತೆ ಓದಿ, ಸ್ಮರಣಿಕೆ ಹಿಡಿದು ಫೋಟೋ ತೆಗೆಸಿಕೊಂಡ ಕೂಡಲೇ ಕವಿಗಳಿಗೆ ಬಸ್ಸಿನ ನೆನಪಾಗುತ್ತದೆ. ಹೊಸಬರನ್ನು ಕಡೆಗೆ ಹಾಕಿರುತ್ತಾರೆ. ಅವರ ಸರದಿ ಬರುವ ಹೊತ್ತಿಗೆ ಸಭೆಯಲ್ಲಿ ಉಳಿಯುವುದು ಕುರ್ಚಿ ಎತ್ತುವವರು ಮತ್ತು ಮೈಕಿನವರು. ಕುರ್ಚಿಯವರು ಕಾಯುವುದಿಲ್ಲ. ಷಣ್ಮುಖಪ್ಪ ಕಾಯುತ್ತಾರೆ. ಕಡೆಯ ಕವಿ ವೇದಿಕೆ ಇಳಿಯುವವರೆಗೆ ಒಂದು ವೈರನ್ನೂ ಬಿಚ್ಚುವುದಿಲ್ಲ.

"ಒಬ್ರೇ ಇದ್ರೂ ಓದಾಕೆ ನಿಂತಾರೆ ಅಂದ್ಮೇಲೆ ಮೈಕ್ ಇರ್ಬೇಕು. ಅವರು ಆಸೆಯಿಂದ ಬರ್ಕಂಡು ಬಂದಿರ್ತಾರೆ. ನಾವು ಎದುರಿಗೇ ವೈರ್ ಸುತ್ತಾಕೆ ನಿಂತ್ರೆ ಹೆಂಗಿರ್ತೈತೆ?" ಎಂದು ಕೇಳುತ್ತಾರೆ.

ಕಿವಿ ಕೆಟ್ಟಿದ್ದು ಒಂದೇ ದಿನದಲ್ಲಲ್ಲ. ಹರೆಯದಲ್ಲಿ ಕಾರಿನ ಮೇಲೆ ಮೈಕಿನ ಹಾರ್ನ್ ಕಟ್ಟಿಕೊಂಡು ಊರೂರು ಸುತ್ತಿ ಪ್ರಚಾರ ಮಾಡುತ್ತಿದ್ದರು. ಆಮೇಲೆ ಮದುವೆ, ನಾಟಕ, ಸಭೆ, ಪಕ್ಕದಲ್ಲೇ ಗುಡುಗುಡು ಎನ್ನುವ ಜನರೇಟರು. ಮೊದಲು ಎಡಗಿವಿ ಹೋಯಿತು, ನಿಧಾನಕ್ಕೆ ಬಲಗಿವಿಯೂ ಮಂಕಾಯಿತು. ಕಿವಿಗೆ ಮೆಷಿನ್ ಹಾಕಿಸಿ ನೋಡಿದರು. ಬರೀ ಕುಂಯ್ ಎನ್ನುವ ಸದ್ದು, ಮಾತು ತಿಳಿಯುತ್ತಿರಲಿಲ್ಲ. ಹೊಟ್ಟೆಪಾಡಿನ ಕೆಲಸ, ಯಾರಿಗೂ ಹೇಳಲಿಲ್ಲ. ಕೇಳಿಸದೆಯೇ ಮೈಕ್ ನಡೆಸುವುದನ್ನು ಕಲಿತರು.

ಅವರು ನೋಡುವುದು ಕೊನೆಯ ಸಾಲಿನವರನ್ನು. ಕತ್ತು ಮುಂದೆ ಚಾಚಿದರೆ ದನಿ ಸಾಲದು, ಮುಖ ಕಿವುಚಿದರೆ ಹೆಚ್ಚಾಗಿದೆ. ಎಲ್ಲರೂ ಒಟ್ಟಿಗೆ ತಮ್ಮ ಕಡೆ ತಿರುಗಿದರೆ ಮೈಕ್ ಕೈಕೊಟ್ಟಿದೆ. ಬಾಕ್ಸಿನ ಮೇಲೆ ಅಂಗೈ ಇಟ್ಟರೂ ಅದುರುವುದು ತಿಳಿಯುತ್ತದೆ. ಆದರೆ ಅವರ ಮೇಜು ಒಂದು ಮೂಲೆಗೆ, ಬಾಕ್ಸು ಇನ್ನೊಂದು ಮೂಲೆಗೆ. ಹೀಗಾಗಿ ಜನರ ಮುಖವನ್ನೇ ನಂಬಿ ಇಷ್ಟು ವರ್ಷ ತಳ್ಳಿದ್ದಾರೆ.

ಹೋದ ವರ್ಷ ಹೊನ್ನಾಳಿಯಲ್ಲಿ ಆ ನಂಬಿಕೆಯೇ ಮುರಿದುಬಿತ್ತು.

ಜಗಳೂರು ತಾಲ್ಲೂಕಿನ ಸೊಕ್ಕೆಯ ಗಂಗೋತ್ರಿ ಈರುಳ್ಳಿ ಕೀಳುವ ಕೂಲಿಗೆ ಹೋಗುವ ಹೆಣ್ಣುಮಗಳು. ಮೊದಲ ಸಲ ಕವಿತೆ ಓದಲು ಬಂದಿದ್ದರು. ಹೊಸಬರು, ಕೂಲಿಯವರು, ಯಾರ ಪರಿಚಯವೂ ಇಲ್ಲ, ಆದ್ದರಿಂದ ಪಟ್ಟಿಯ ಕಟ್ಟಕಡೆ. ಅವರು ವೇದಿಕೆ ಹತ್ತಿದಾಗ ಊಟಕ್ಕೆ ಕರೆದಾಗಿತ್ತು. ನಿರೂಪಕರೂ ಕೈತೊಳೆಯಲು ಹೋಗಿದ್ದರು. ಕೊನೆಯ ಸಾಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರೋ ಕುರ್ಚಿ ಎಳೆದ ರಭಸಕ್ಕೆ ಮೈಕಿನ ಪಿನ್ನು ಕಿತ್ತುಬಂತು.

ಎರಡು ಸಾಲು ಓದಿದ ಗಂಗೋತ್ರಿಗೆ ತಮ್ಮ ದನಿ ಬಾಕ್ಸಿನಲ್ಲಿ ಬಾರದ್ದು ಗೊತ್ತಾಯಿತು, ಷಣ್ಮುಖಪ್ಪನವರ ಕಡೆ ನೋಡಿದರು. ಹೊಸ ಹುಡುಗಿ, ಚೆನ್ನಾಗಿದೆಯಾ ಎಂದು ಕೇಳುತ್ತಿದ್ದಾಳೆ ಅಂದುಕೊಂಡ ಷಣ್ಮುಖಪ್ಪ, ಓದು ಎನ್ನುವಂತೆ ತಲೆಯಾಡಿಸಿದರು. ಆಕೆ ಇನ್ನೆರಡು ಸಾಲು ಓದಿ ಮತ್ತೆ ನೋಡಿದರು. ಇವರು ನಕ್ಕು ಮತ್ತೆ ತಲೆಯಾಡಿಸಿದರು. ಗಂಗೋತ್ರಿ ಹಾಳೆ ಮಡಚಿಕೊಂಡು ಕೆಳಗಿಳಿದು, ಊಟವನ್ನೂ ಮಾಡದೆ ಹೋದರು.

ವೈರು ಸುತ್ತುವಾಗ ನೆಲದ ಮೇಲೆ ಬಿದ್ದಿದ್ದ ಪಿನ್ನು ಕಾಲಿಗೆ ತಗುಲಿತು. "ಆಗ್ಲೇ ಗೊತ್ತಾಗಿದ್ದು ಮೇಡಂ. ಎರಡು ಸಲ ನೋಡಿದ್ಳು ಆಯಮ್ಮ. ನಾನು ನಕ್ಬಿಟ್ಟೆ," ಎನ್ನುತ್ತಾರೆ ಷಣ್ಮುಖಪ್ಪ.

ಕವಿಗಳು ಹೊತ್ತು ಮೀರಿ ಓದಿದರೆ ನಿರೂಪಕರು ಸನ್ನೆ ಮಾಡಿ ಮೈಕ್ ಬಂದ್ ಮಾಡಿಸುವುದು ಇಂಥ ಗೋಷ್ಠಿಗಳಲ್ಲಿ ಉಂಟು. ತನಗೂ ಹಾಗೇ ಮಾಡಿದರು, ಅದೂ ಎರಡೇ ಸಾಲಿಗೆ ಎಂದು ಗಂಗೋತ್ರಿ ತಿಳಿದರು. ವಾರ ಕಳೆಯುವುದರೊಳಗೆ ಷಣ್ಮುಖಪ್ಪ, ಶಂಕರಮ್ಮ ಬಸ್ಸು ಬದಲಿಸುತ್ತಾ ಸೊಕ್ಕೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ ಕುಡಿಯಲು ನೀರು ಕೊಟ್ಟರು, ಸಿಟ್ಟು ಮಾಡಲಿಲ್ಲ. ಕೇಳಿದ್ದು ಒಂದೇ ಮಾತು. ಅದನ್ನು ಶಂಕರಮ್ಮ ಮರೆತಿಲ್ಲ: "ಕಿವಿ ಕೇಳದೋರ ಕೈಗೆ ಮೈಕ್ ಯಾರು ಕೊಡ್ತಾರೆ ಯಜಮಾನ್ರೆ? ಬಂದ್ ಮಾಡಿದ್ರಿ, ಮಾಡಿದ್ರಿ. ಸುಳ್ಳು ಯಾಕೆ ಹೇಳಾಕೆ ಬಂದ್ರಿ?"

ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರು. ನಿಜ ಹೇಳಿದ ದಿನ ಅದನ್ನು ನಂಬುವವರೇ ಇರಲಿಲ್ಲ. ಗಂಗೋತ್ರಿ ಈ ವರ್ಷ ಚನ್ನಗಿರಿಗೆ ಬಂದಿಲ್ಲ. ಬರೆಯುವುದನ್ನೇ ಬಿಟ್ಟಿದ್ದಾರೆ ಎಂದು ಜಗಳೂರಿನ ಕವಿಯೊಬ್ಬರು ಮಾತಿನ ನಡುವೆ ಹೇಳಿ, ಚಹಾ ಕುಡಿಯಲು ಹೋಗುತ್ತಾರೆ.

ಆ ಘಟನೆಯ ನಂತರ ಶಂಕರಮ್ಮ ಪ್ರತಿ ಸಭೆಗೂ ಜೊತೆಗೆ ಬರುತ್ತಾರೆ. ಭಾನುವಾರ ಸಂಜೆ ಭವನ ಬರಿದಾಗಿ, ಒಬ್ಬ ಹುಡುಗಿ ಹೆದರುತ್ತ ಕಡೆಯ ಕವಿತೆ ಓದುವಾಗಲೂ ಅವರು ಹಿಂದೆ ಒಬ್ಬರೇ ಕೂತು ಕೈ ಎತ್ತಿಕೊಂಡೇ ಇದ್ದಾರೆ. ತೋಳು ಸೋತಾಗ ಇನ್ನೊಂದು ಕೈ ಎತ್ತುತ್ತಾರೆ.

ಕಿವಿಯ ವಿಷಯ ಪತ್ರಿಕೆಯಲ್ಲಿ ಬಂದರೆ ಮದುವೆಗೂ ಸಭೆಗೂ ಯಾರೂ ಕರೆಯುವುದಿಲ್ಲ, ಅದನ್ನು ಬಿಟ್ಟು ಬರೆಯುತ್ತೇನೆ ಎಂದು ಷಣ್ಮುಖಪ್ಪನವರ ಎದುರಿಗೆ ನಿಂತು ಬಿಡಿಸಿ ಬಿಡಿಸಿ ಹೇಳುತ್ತೇನೆ. ಶಂಕರಮ್ಮ ಗಂಡನ ಮುಖ ನೋಡುತ್ತಾರೆ.

"ಅದನ್ನೇ ಬರೀರಿ, ಮಿಕ್ಕಿದ್ದು ಬಿಟ್ರೂ ನಡೀತೈತೆ," ಎನ್ನುತ್ತಾರೆ ಷಣ್ಮುಖಪ್ಪ. "ನಾನು ಹೇಳಿದ್ರೆ ನಂಬಲಿಲ್ಲ. ಪೇಪರ್ನಾಗೆ ಬಂದ್ರೆ ನಂಬಬಹುದು. ಯಾರೂ ಬಂದ್ ಮಾಡ್ಲಿಲ್ಲಮ್ಮ, ನನಗೆ ಕೇಳಿಸ್ಲಿಲ್ಲ, ಅಷ್ಟೇ."

ಮುಂದಿನ ವರ್ಷ ಜಗಳೂರಿನ ಸರದಿ. ಇದು ಪತ್ರಿಕೆಯಲ್ಲಿ ಬಂದ ಮೇಲೆ ಅಲ್ಲಿಗೆ ತಮ್ಮ ಸೆಟ್ಟನ್ನು ಕರೆಯಲಾರರು ಎಂಬುದು ಅವರಿಗೂ ಗೊತ್ತು. ಹಾಗಾದರೆ ಹೋಗುವುದಿಲ್ಲವೇ ಎಂದು ಕೇಳುತ್ತೇನೆ. ಸುತ್ತಿದ ವೈರನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಹೋಗ್ತೀನಿ. ಮೈಕ್ ಯಾರದ್ದಾದ್ರೂ ಇರ್ಲಿ. ಆಯಮ್ಮ ಓದಾಕೆ ಬಂದ್ರೆ ಬಾಕ್ಸ್ ಪಕ್ಕ ನನಗೊಂದು ಕುರ್ಚಿ ಹಾಕ್ರಿ ಅಂತೀನಿ. ಅದರ ಮೇಲೆ ಕೈ ಇಟ್ಕಂಡು ಕೂತಿರ್ತೀನಿ, ಮುಗಿಯೋವರೆಗೂ."