ಹನ್ನೆರಡು ದಿನದ ನೀರು

ನಮ್ಮ ಅಕ್ಕ ಯಾರನ್ನೂ ನಂಬುವವಳಲ್ಲ. ಅಂಗಡಿಯಿಂದ ತಂದ ತರಕಾರಿಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುತ್ತಾಳೆ. ಒಬ್ಬ ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ತೋರಿಸಿ, ಇಬ್ಬರ ಮೇಲೂ ಅನುಮಾನಪಟ್ಟು, ಜ್ವರ ತಾನಾಗಿ ಬಿಟ್ಟ ಮೇಲೆ ಸುಮ್ಮನಾಗುತ್ತಾಳೆ. ನನ್ನ ಹೆಂಡತಿ ಮೊದಲ ಸಲ ಮನೆಗೆ ಬಂದ ದಿನ, "ನಿನ್ನ ವಾಚು ಐದು ನಿಮಿಷ ಹಿಂದಿದೆ" ಎಂದು ಸ್ವಾಗತಿಸಿದ ಪುಣ್ಯಾತ್ಗಿತ್ತಿ.

ಅವಳಿಗೆ ಸಿಕ್ಕ ಕೆಲಸವೂ ಅಂಥದ್ದೇ. ನಾವಿಬ್ಬರೂ ಒಂದೇ ಪತ್ರಿಕೆಯಲ್ಲಿದ್ದೇವೆ. ನಾನು ಪುಟ ಕಟ್ಟುತ್ತೇನೆ, ಅವಳು ಸುದ್ದಿ ನಿಜವೋ ಸುಳ್ಳೋ ನೋಡುತ್ತಾಳೆ. ಬಾಗಿಲ ಮೇಲೆ 'ಪರಿಶೀಲನಾ ವಿಭಾಗ' ಎಂಬ ಬೋರ್ಡಿದೆ. ಒಳಗೆ ಒಂದು ಮೇಜು, ಒಂದು ಫೋನು, ಒಬ್ಬಳು ಅಕ್ಕ. ಕಚೇರಿಯವರು ಬೆನ್ನ ಹಿಂದೆ 'ತಕ್ಕಡಿ' ಎನ್ನುತ್ತಾರೆ. ನಾನು ಎದುರಿಗೇ ಅನ್ನುತ್ತೇನೆ.

ಈ ಬೇಸಿಗೆಯಲ್ಲಿ ಟಿವಿಯವರು ಬೊಬ್ಬೆ ಹಾಕತೊಡಗಿದರು: 'ನಲವತ್ತು ವರ್ಷಗಳಲ್ಲೇ ಕನಿಷ್ಠ! ನದಿಯಲ್ಲಿ ಬರೀ ನೂರಾ ಎರಡು ಸೆಂಟಿಮೀಟರ್!' ಅಕ್ಕ ನಕ್ಕಳು. ನಮ್ಮ ಮನೆಯವರಿಗೆ ಆ ನಗುವಿನ ಅರ್ಥ ಗೊತ್ತು. ಅಪ್ಪ ಮೂವತ್ತು ವರ್ಷ ಆ ನದಿಯ ನೀರು ಅಳೆದವರು. ದಿನಾ ಬೆಳಿಗ್ಗೆ ಎಂಟಕ್ಕೆ ಸೇತುವೆಯ ಪಕ್ಕದ ಮೂವತ್ತೆರಡು ಮೆಟ್ಟಿಲು ಇಳಿದು, ಕಂಬಕ್ಕೆ ಬಡಿದ ಅಳತೆಪಟ್ಟಿ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಮೂವತ್ತಾರು ವರ್ಷದ ಹಿಂದಿನ ಬರಗಾಲದಲ್ಲಿ ಅವರು ಬರೆದದ್ದು ತೊಂಬತ್ನಾಲ್ಕು. ಕಂಬದ ಮೇಲೆ ಅಲ್ಲಿಗೆ ಕೆಂಪು ಗೆರೆ ಎಳೆದಿದ್ದಾರೆ. ಅಪ್ಪ ಈಗಲೂ ವಾಕಿಂಗ್ ಹೋದಾಗ ಸಿಕ್ಕಸಿಕ್ಕವರಿಗೆಲ್ಲ ಅದನ್ನು ತೋರಿಸಿ, "ನನ್ನ ಗೆರೆ. ಒಂದು ದಿನಾನೂ ತಪ್ಪಿಸಿಲ್ಲ ನಾನು" ಎನ್ನುತ್ತಾರೆ.

ಅಂದರೆ ಟಿವಿಯವರದು ಹಸಿ ಸುಳ್ಳು. ಸಂಪಾದಕರು ಮೊದಲ ಪುಟದಲ್ಲೇ ಜಾಗ ಬಿಡಿಸಿದರು. ಸಂಜೆ ಆರರೊಳಗೆ ಬರೆದು ಕೊಟ್ಟರೆ ಮುಗಿಯಿತು. ಆದರೆ ಅಕ್ಕ ಮೂಲ ರಿಜಿಸ್ಟರನ್ನೇ ನೋಡಬೇಕೆಂದು ಹಟ ಹಿಡಿದು, ಇಲಾಖೆಯ ಗೋದಾಮಿನಲ್ಲಿ ಧೂಳು ಕುಡಿದು, ಮಧ್ಯಾಹ್ನ ಅದರ ಫೋಟೋ ತೆಗೆದುಕೊಂಡು ಬಂದಳು. ಬಂದವಳ ಮುಖ ಸರಿಯಿರಲಿಲ್ಲ.

"ಇಲ್ಲಿ ನೋಡು. ನೂರಾ ಹದಿನೆಂಟು. ಆಮೇಲೆ ಹದಿನಾರು, ಹದಿನಾಲ್ಕು, ಹನ್ನೆರಡು... ಹನ್ನೆರಡು ದಿನ ಲೆಕ್ಕ ಹಾಕಿ ಎರಡೆರಡೇ ಇಳಿದು ತೊಂಬತ್ನಾಲ್ಕಕ್ಕೆ ಬಂದಿದೆ. ನದಿಗೆ ಇಷ್ಟೊಂದು ಶಿಸ್ತು ಎಲ್ಲಿಂದ ಬಂತು?"

"ಬರಗಾಲ. ಇಳಿಯುತ್ತೆ."

"ಆರನೇ ದಿನ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಕೆಳಗಿನ ಊರಿನ ರಿಜಿಸ್ಟರಿನಲ್ಲಿ ಅವತ್ತು ಮೂವತ್ತು ಸೆಂಟಿಮೀಟರ್ ಏರಿದೆ. ಆ ನೀರು ಅಪ್ಪನ ಸೇತುವೆ ತಪ್ಪಿಸಿಕೊಂಡು ಹಾರಿಹೋಯ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. "ಅಪ್ಪನನ್ನೂ ಬಿಡಲ್ವಾ ನೀನು?"

"ಅಪ್ಪ ಅಂತ ನದಿ ಹೆದರಿಕೊಂಡು ಇಳಿಯುತ್ತಾ?" ಎಂದವಳು ಚೀಲ ಹೆಗಲಿಗೇರಿಸಿ ಮನೆಗೆ ಹೊರಟೇಬಿಟ್ಟಳು. ಅಪ್ಪನ ಮಾನ ಕಾಯಲು ನಾನೂ ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವಳ ಮೇಲೆ ನನಗಿದ್ದದ್ದು ಶುದ್ಧ ದ್ವೇಷ.

ಅಪ್ಪ ಕಿಟಕಿಯ ಹತ್ತಿರ ಕುಳಿತು ಭೂತಗನ್ನಡಿ ಹಿಡಿದು ಪೇಪರ್ ಓದುತ್ತಿದ್ದರು. ಅಕ್ಕ ಸುತ್ತಿ ಬಳಸಿ ಕೇಳುವವಳಲ್ಲ. ಫೋಟೋ ಮುಂದೆ ಹಿಡಿದಳು. "ಅಪ್ಪಾ, ಈ ಹನ್ನೆರಡು ದಿನ ನೀನು ನದಿಗೆ ಹೋಗಿದ್ಯಾ?"

ಅಪ್ಪ ತಾರೀಖು ನೋಡಿದರು. "ಇಲ್ಲ. ಜ್ವರ ಬಂದು ಮಲಗಿದ್ನಲ್ಲ."

ಅಕ್ಕ ಕುಟುಕಿದಳು: "ಮತ್ತೆ ಒಂದು ದಿನಾನೂ ತಪ್ಪಿಸಿಲ್ಲ ಅಂತ ಊರಿಗೆಲ್ಲ ಹೇಳ್ತೀಯ!"

"ನಾನೆಲ್ಲಿ ತಪ್ಪಿಸ್ದೆ? ದಿನಾ ಬೆಳಿಗ್ಗೆ ನೀನೇ ಹೋಗಿ ಓದಿಕೊಂಡು ಬರ್ತಿದ್ದೆ. ಆಗ ನಾಲ್ಕನೇ ಕ್ಲಾಸು ನೀನು. ನೀನು ಹೇಳ್ದೆ, ನಾನು ಮಲಗಿದ್ದಲ್ಲೇ ಬರ್ಕೊಂಡೆ."

ಅಕ್ಕ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೊಮ್ಮೆ ನೋಡಿದಳು.

"ಕೆಳಗಿನ ಮೆಟ್ಟಿಲ ಮೇಲೆ ಒಂದು ನಾಯಿ ಸತ್ತು ಬಿದ್ದಿತ್ತು" ಎಂದಳು ಮೆಲ್ಲಗೆ. "ನನಗೆ ಭಯ. ಮೇಲೇ ನಿಂತು ನೂರರವರೆಗೆ ಎಣಿಸಿ ವಾಪಸ್ ಬರ್ತಿದ್ದೆ. ಅದಕ್ಕೆ ಮುಂಚೆ ನೀನು ಬರೆದಿದ್ದರಲ್ಲಿ ಎರಡೆರಡು ಇಳಿದಿತ್ತು. ನಾನೂ ಹಾಗೇ ಹೇಳ್ದೆ. ಹನ್ನೆರಡು ದಿನಾನೂ ನಾನು ಇಳಿಯಲೇ ಇಲ್ಲ ಅಪ್ಪಾ."

"ಹದಿಮೂರನೇ ದಿನ ನಾನೇ ಹೋದಾಗ ನೀರು ಜಾಸ್ತಿ ಇತ್ತು" ಎಂದರು ಅಪ್ಪ. "ರಾತ್ರಿ ಬಿಟ್ಟಿರಬೇಕು ಅಂದ್ಕೊಂಡೆ."

"ನನ್ನ ಮೇಲೆ ಅನುಮಾನ ಬರಲಿಲ್ವಾ?"

"ನಿನ್ನ ಮೇಲಾ?" ಎಂದ ಅಪ್ಪನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

ಐದೂವರೆಯಾಗಿತ್ತು. ಅಕ್ಕ ಅಲ್ಲೇ ನಿಂತು ಸಂಪಾದಕರಿಗೆ ಫೋನು ಮಾಡಿದಳು. "ಸರ್, ಟಿವಿಯವರು ಹೇಳಿದ್ದು ಸುಳ್ಳು ಅಂತ ಬರೆಯೋ ಹಾಗಿಲ್ಲ. ತೊಂಬತ್ನಾಲ್ಕು ಅನ್ನೋದೇ ಸುಳ್ಳು. ಹೌದು, ಅದನ್ನೇ ಬರೀತೀನಿ. ಸುಳ್ಳು ಹೇಳಿದವಳು ನಾನು, ನನ್ನ ಹೆಸರೇ ಹಾಕಿ. ಅಪ್ಪನದು ಬೇಡ."

ಫೋನಿಟ್ಟು ಅಪ್ಪನ ಕಡೆ ತಿರುಗಿದಳು. ಅವರು ಬೈಯಲಿ ಎಂದು ಕಾಯುತ್ತಿದ್ದಳೋ ಏನೋ. ನನಗಂತೂ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದು, ಅಯ್ಯೋ ಎನ್ನಿಸಿತ್ತು.

ಅಪ್ಪ ಭೂತಗನ್ನಡಿಯನ್ನು ಫೋಟೋದ ಮೇಲಿಟ್ಟು, ಆ ಹನ್ನೆರಡು ಸಾಲುಗಳನ್ನು ಒಂದೊಂದಾಗಿ ನೋಡಿ ಮುಗಿಸಿದರು. ಆಮೇಲೆ ತಲೆಯೆತ್ತಿ ಕೇಳಿದರು: "ಹಾಗಾದ್ರೆ ಆ ದಿನಗಳಲ್ಲಿ ನೀರು ಎಷ್ಟಿತ್ತು ಪುಟ್ಟಿ?"